ಕಡತದಲ್ಲಿಯೂ ಓಲೆಯಲ್ಲಿಯೂ ಮನೆತನದ ಚರಿತ್ರೆ

ಜೈನ ವರ್ತಕ ಮನೆತನಗಳ ಚರಿತ್ರೆಯು ಬಹುಮಟ್ಟಿಗೆ ಅಟ್ಟದ ಪೆಟ್ಟಿಗೆಗಳಲ್ಲಿಯೇ ಹುದುಗಿರುವುದುಂಟು. ಹುಣಿಸೆಬೀಜದ ಸರಿಯಲ್ಲಿ ಇದ್ದಿಲಪುಡಿ ಬೆರೆಸಿ ಬಟ್ಟೆಗೆ ಬಳಿದು ಮಡಿಸಿದ ಕಡತಗಳಲ್ಲಿ ಹಿರಿಯರು ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಒದ್ದೆ ಬಟ್ಟೆ ತಗುಲಿದರೆ ಮೂರು ತಲೆಮಾರಿನ ವ್ಯವಹಾರವು ಕ್ಷಣದಲ್ಲಿ ಅಳಿದೀತು. ಬರಿಯ ಸಂವತ್ಸರದ ಹೆಸರನ್ನು ನಂಬಿ ಕಾಲನಿರ್ಣಯ ಮಾಡಲಾಗದು. ಅದು 60 ವರ್ಷಗಳಿಗೊಮ್ಮೆ ಮರಳುವುದರಿಂದ ಅಜ್ಜನ ಸಾಲವು ಮೊಮ್ಮಗನ ಹೆಸರಿಗೆ ಬಂದೀತು! ಶಕವರ್ಷವಿದ್ದಲ್ಲಿ 78 ಕೂಡಿಸಿದರೆ ಸಾಮಾನ್ಯವಾಗಿ ಕ್ರಿಸ್ತಶಕವು ದೊರೆಯುವುದು.

ತಾಳೆಯೋಲೆ ಗ್ರಂಥದ ಕೊನೆಯ ಓಲೆಯಂತೂ ಅಮೂಲ್ಯವಾದುದು. ಬರೆದವರಾರು, ಬರೆಯಿಸಿದವರಾರು, ಯಾವ ನೋಂಪಿಯ ನಿಮಿತ್ತ ಶಾಸ್ತ್ರದಾನವಾಯಿತು ಎಂಬುದು ಅಲ್ಲಿಯೇ ಇರುತ್ತದೆ. ಮೂಡುಬಿದಿರೆಯ ಮಹಾಬಂಧದ ಪ್ರತಿಯನ್ನು ಮಲ್ಲಿಕಬ್ಬೆಯು ಪಂಚಮೀವ್ರತದ ಉದ್ಯಾಪನೆಗಾಗಿ ಬರೆಯಿಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದಳೆಂಬುದು ತಿಳಿದುಬಂದದ್ದು ಅಂತಹ ಪ್ರಶಸ್ತಿಯಿಂದಲೇ. ಆ ಭಾಗವನ್ನು ಗೆದ್ದಲು ತಿಂದಿದ್ದರೆ ಗ್ರಂಥವು ಉಳಿಯುತ್ತಿತ್ತು, ಬರೆಯಿಸಿದ ತಾಯಿಯ ಹೆಸರು ಉಳಿಯುತ್ತಿರಲಿಲ್ಲ.