ಹೊಣೆ ತೀರಿದ ಮೇಲಿನ ಒಲವು: ಕೊಡೇಕಲ್ ಸೀಮೆಯಲ್ಲಿ ನಿಂತು ಒಂದು ವಿಚಾರ

ಇಬ್ಬರು ಹೆಣ್ಣುಮಕ್ಕಳ ಪ್ರೀತಿ ನಮ್ಮ ಪತ್ರಿಕೆಗಳಲ್ಲಿ ಸುದ್ದಿಯಾಗುವುದು ಹೆಚ್ಚಾಗಿ ಒಂದೇ ಬಗೆಯಲ್ಲಿ. ಇಪ್ಪತ್ತರ ಆಸುಪಾಸಿನ ಇಬ್ಬರು ಮನೆ ಬಿಡುತ್ತಾರೆ, ಹೆತ್ತವರು ದೂರು ಕೊಡುತ್ತಾರೆ, ಠಾಣೆಯಿಂದ ಕತೆ ಕೋರ್ಟಿಗೆ ಹೋಗುತ್ತದೆ. 2022ರ ಮೇ 31ರಂದು ಕೇರಳ ಹೈಕೋರ್ಟು ಇಬ್ಬರು ಯುವತಿಯರನ್ನು ಒಟ್ಟಿಗೆ ಬಾಳಲು ಬಿಟ್ಟಿತು. 2025ರ ಮೇ 22ರಂದು ಮದ್ರಾಸ್ ಹೈಕೋರ್ಟು ಮನೆಯವರ ವಶದಲ್ಲಿದ್ದ ಯುವತಿಯನ್ನು ಬಿಡಿಸಿತು, ಮದುವೆಯಿಲ್ಲದೆಯೂ ಕುಟುಂಬ ಕಟ್ಟಿಕೊಳ್ಳಬಹುದು ಎಂದಿತು. ಎರಡೂ ಹೇಬಿಯಸ್ ಕಾರ್ಪಸ್ ಅರ್ಜಿಗಳು. ಮಗಳನ್ನು ಹಿಡಿದಿಟ್ಟುಕೊಳ್ಳುವ ತಂದೆತಾಯಿ ಇದ್ದಾಗಲಷ್ಟೇ ಇಂಥ ಅರ್ಜಿ ಹುಟ್ಟುತ್ತದೆ. ನಲವತ್ತೈದು ದಾಟಿದ, ಮಕ್ಕಳ ಮದುವೆ ಮುಗಿಸಿದ, ಗಂಡನನ್ನು ಕಳೆದುಕೊಂಡ ಅಥವಾ ಗಂಡ ಬಿಟ್ಟುಹೋದ ಹೆಣ್ಣನ್ನು ಯಾರೂ ಹಿಡಿದಿಟ್ಟುಕೊಳ್ಳುವುದಿಲ್ಲ. ಆದ್ದರಿಂದ ಅವಳ ಪ್ರೀತಿಗೆ ಎಫ್‌ಐಆರ್ ಇಲ್ಲ, ತೀರ್ಪಿಲ್ಲ, ಸುದ್ದಿಯೂ ಇಲ್ಲ. ಈ ದಾಖಲೆಯ ಕೊರತೆಯನ್ನೇ ಪ್ರೀತಿಯ ಕೊರತೆಯೆಂದು ನಮ್ಮ ಸಂಶೋಧನೆ ಓದಿಕೊಂಡು ಬಂದಿದೆ.

ಈ ಲೇಖನ ಕೊಡೇಕಲ್ಲನ್ನು ನೆಲೆಯಾಗಿ ಇಟ್ಟುಕೊಳ್ಳುತ್ತದೆ. ಹಿಂದೆ ಸುರಪುರ ತಾಲೂಕಿನಲ್ಲಿದ್ದು ಈಗ ಹುಣಸಗಿ ತಾಲೂಕಿಗೆ ಸೇರಿರುವ ಈ ಊರು ನಾಡಿಗೆ ಗೊತ್ತಿರುವುದು ಕೊಡೇಕಲ್ಲ ಬಸವಣ್ಣನಿಂದ, ಅವನ ಪರಂಪರೆಯ ಕಾಲಜ್ಞಾನ ವಚನಗಳಿಂದ. ಹಿಂದೂ ಮುಸ್ಲಿಂ ಎನ್ನದೆ ಜನ ನಡೆದುಕೊಳ್ಳುವ ನೆಲೆ ಇದು. ಸುರಪುರದ ಲಿಖಿತ ಚರಿತ್ರೆಯಲ್ಲಿ ನಾಯಕ ಅರಸರಿದ್ದಾರೆ, 1857-58ರ ರಾಜಾ ವೆಂಕಟಪ್ಪ ನಾಯಕನಿದ್ದಾನೆ, ಆತ್ಮಕಥೆ ಬರೆದ ಮೆಡೋಸ್ ಟೇಲರ್ ಸಾಹೇಬನಿದ್ದಾನೆ. ಹೊಲದಲ್ಲಿ ಹತ್ತಿ ಬಿಡಿಸುವ ಹೆಣ್ಣುಮಕ್ಕಳು ಆ ಪುಟಗಳಿಗೆ ಬರುವುದಿಲ್ಲ. ಅವರೇ ಬರೆದ ಕಾಗದಪತ್ರ ಹುಡುಕುವುದೂ ಕಷ್ಟದ ಮಾತು. 2011ರ ಜನಗಣತಿಯಲ್ಲಿ ಈ ಊರಿರುವ ಯಾದಗಿರಿ ರಾಜ್ಯದಲ್ಲೇ ಅತಿ ಕಡಿಮೆ ಸಾಕ್ಷರತೆಯ ಜಿಲ್ಲೆ. ಒಟ್ಟು ಪ್ರಮಾಣ ಶೇ. 52ರ ಸುಮಾರು, ಹೆಂಗಸರದ್ದು ಅದಕ್ಕಿಂತ ಎಷ್ಟೋ ಕೆಳಗೆ. ಯುರೋಪಿನ ಹೆಣ್ಣುಗಳ ಆಪ್ತ ಗೆಳೆತನದ ಬಗ್ಗೆ ಲಿಲಿಯನ್ ಫೇಡರ್‌ಮನ್ 1981ರಲ್ಲಿ ಬರೆದ ದೊಡ್ಡ ಪುಸ್ತಕಕ್ಕೆ ಪತ್ರ, ಸಾಹಿತ್ಯಗಳ ಆಧಾರವಿತ್ತು. ಇಲ್ಲಿ ಅಂಥ ಕಪಾಟು ಇಲ್ಲ.

ಕೊಡೇಕಲ್ಲಿನ ಯಾವ ಜೋಡಿಯ ಕತೆಯನ್ನೂ ನಾನು ಇಲ್ಲಿ ಹೇಳುವುದಿಲ್ಲ. ಇದು ಬೇಕೆಂದೇ ಮಾಡಿದ ಆಯ್ಕೆ. ಬೆಂಗಳೂರಿನಲ್ಲಿ ಹೆಸರು ಬದಲಿಸಿದರೆ ಮನುಷ್ಯರು ಮರೆಯಾಗುತ್ತಾರೆ. ಹಳ್ಳಿಯಲ್ಲಿ ‘ಇಬ್ಬರು, ಒಬ್ಬಾಕಿ ವಿಧವೆ, ಅಗಸಿ ಬಾಜೂಕ ಮನಿ’ ಎಂದರೆ ಸಾಕು, ಊರಿಗೆ ಊರೇ ಬೆರಳು ತೋರಿಸುತ್ತದೆ. ಮಾಯಾ ಶರ್ಮಾ ಉತ್ತರ ಭಾರತದ ದುಡಿಯುವ ವರ್ಗದ ಹೆಣ್ಣುಗಳ ಬದುಕನ್ನು ದಾಖಲಿಸಿ ‘ಲವಿಂಗ್ ವಿಮೆನ್’ (2006) ಬರೆದರು. ಅದರ ಹಿಂದೆ ವರ್ಷಗಟ್ಟಲೆಯ ಸಂಘಟನೆಯ ಒಡನಾಟವಿತ್ತು. ಅಂಥ ಒಡನಾಟವಿಲ್ಲದೆ ಟೇಪ್ ರೆಕಾರ್ಡರ್ ಹಿಡಿದು ಹೋಗುವವನಿಗೆ ಸಿಗುವುದು ಒಂದೋ ಮೌನ, ಇಲ್ಲವೇ ಒಬ್ಬರ ಬದುಕಿನ ಅಪಾಯ. ಹಾಗಾಗಿ ಇಲ್ಲಿ ವಿಚಾರಿಸುವುದು ಆ ಪ್ರೀತಿ ನಿಲ್ಲಬಹುದಾದ ಜಾಗಗಳನ್ನು ಮಾತ್ರ: ದುಡಿಮೆ, ಹಾಡು, ದೇವರು, ಸರ್ಕಾರಿ ಕಾಗದ.

ಕಾಲಜ್ಞಾನ ವಚನಗಳು ಅಮರಗನ್ನಡವೆಂಬ ಗೂಢಲಿಪಿಯಲ್ಲಿವೆ. ವಿದ್ವಾಂಸರು ಅದನ್ನು ಬಿಡಿಸಲು ಶ್ರಮಿಸಿದ್ದಾರೆ. ಹೆಣ್ಣು ಹೆಣ್ಣನ್ನು ಪ್ರೀತಿಸುವುದೂ ಇಂಥದೇ ಗೂಢಲಿಪಿ, ಒಡೆದು ಓದಬೇಕಾದದ್ದು ಎಂದು ಕೆಲವು ಸಂಶೋಧಕರು ಭಾವಿಸುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅದು ಬಯಲಲ್ಲೇ ಇದೆ. ‘ಅಕಿನ್ನ ಭಾಳ ಹಚ್ಚಿಕೊಂಡಾಳ’ ಎಂದು ಓಣಿಯೇ ಹೇಳುತ್ತದೆ. ಆ ಮಾತಿನಲ್ಲಿ ಬೈಗುಳವೂ ಇಲ್ಲ, ಗುಟ್ಟೂ ಇಲ್ಲ. ಓಣಿಗೆ ಗೊತ್ತಿದೆ, ಮತ್ತು ಗೊತ್ತಿರುವುದರಿಂದ ಓಣಿ ಏನನ್ನೂ ಮಾಡಬೇಕಾಗಿಲ್ಲ.

ಬೀಸುಕಲ್ಲಿನ ಹಾಡುಗಳಿಂದ ಮೊದಲಿಡೋಣ. ವಿಜಯಪುರ ಸೀಮೆಯ ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದರು. ಉತ್ತರ ಕರ್ನಾಟಕದ ಹೆಂಗಸರ ತ್ರಿಪದಿಗಳು ಅಚ್ಚಿಗೆ ಬಂದ ದೊಡ್ಡ ಘಟನೆ ಅದು. ಅಲ್ಲಿಂದೀಚೆಗೆ ನಮ್ಮ ವಿಮರ್ಶೆ ಈ ಹಾಡುಗಳಲ್ಲಿ ತವರನ್ನು, ಅಣ್ಣತಮ್ಮಂದಿರನ್ನು, ಗಂಡನನ್ನು, ಅತ್ತೆಯನ್ನು ಓದಿದೆ. ಹಾಡಿನ ವಸ್ತುವನ್ನು ಓದಿತು, ಹಾಡಿದ ಸಂದರ್ಭವನ್ನು ಅಷ್ಟಾಗಿ ಓದಲಿಲ್ಲ. ಬೆಳಗಿನ ಜಾವ ಕಲ್ಲಿನ ಈಚೆ ಒಬ್ಬಳು, ಆಚೆ ಒಬ್ಬಳು. ಒಂದೇ ಗೂಟಕ್ಕೆ ಇಬ್ಬರ ಕೈ, ಒಬ್ಬಳ ಸೊಲ್ಲಿಗೆ ಇನ್ನೊಬ್ಬಳು ದನಿಗೂಡಿಸುತ್ತಾಳೆ. ಹಾಡು ಅಣ್ಣನ ಮೇಲಿರಲಿ, ಬಸವಣ್ಣನ ಮೇಲಿರಲಿ, ಕೇಳುವವಳು ಮಾತ್ರ ಎದುರಿಗಿರುವ ಹೆಣ್ಣೇ. ಅಕ್ಕಮಹಾದೇವಿಯ ಎಷ್ಟೋ ವಚನಗಳಲ್ಲೂ ಈ ಏರ್ಪಾಡಿದೆ: ಒಲವು ಚೆನ್ನಮಲ್ಲಿಕಾರ್ಜುನನ ಮೇಲೆ, ಆ ಒಲವನ್ನು ಬಿಚ್ಚಿಡುವುದು ಒಬ್ಬ ಅವ್ವನ, ಒಬ್ಬ ಅಕ್ಕನ ಮುಂದೆ. ಯಾರ ಬಗ್ಗೆ ಹಾಡಿದರು ಎಂಬುದರಷ್ಟೇ ಯಾರ ಮುಂದೆ ಹಾಡಿದರು ಎಂಬುದೂ ಆಪ್ತತೆಯ ದಾಖಲೆ. ಸಂಗ್ರಾಹಕರು ಗಂಡಸರಾಗಿದ್ದರು, ಪುಸ್ತಕಕ್ಕೆ ಗರತಿಯ ಹೆಸರಿಟ್ಟರು. ಕಾಲಧರ್ಮ, ಅದಕ್ಕೆ ಅವರನ್ನು ದೂರುವುದು ಸರಿಯಲ್ಲ. ಆದರೆ ಆ ಹೆಸರಿನ ಚೌಕಟ್ಟಿನೊಳಗೆ ಗೆಳತಿ ಬರೀ ಸಾಕ್ಷಿಯಾಗಿ ಉಳಿದಳು.

ಹಿಟ್ಟಿನ ಗಿರಣಿ ಬಂದು ಬೀಸುಕಲ್ಲು ಮೂಲೆ ಸೇರಿತು. 1982ರಲ್ಲಿ ನಾರಾಯಣಪುರ ಜಲಾಶಯ ಮುಗಿದ ಮೇಲೆ ಎಡದಂಡೆ ಕಾಲುವೆ ಈ ಸೀಮೆಯ ಎರೆಹೊಲಗಳಿಗೆ ಭತ್ತ ತಂದಿತು. ನಾಟಿಗೆ, ಕಳೆಗೆ, ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಹೆಂಗಸರ ಗುಂಪುಗಳು ಬಂದವು. ನೀರಿಲ್ಲದ ಹೊಲದವರು ಬೆಂಗಳೂರು, ಪುಣೆ, ಮುಂಬಯಿಯ ಕಟ್ಟಡಗಳಿಗೆ ‘ದುಡಿಯಾಕ’ ಹೋಗುವುದು ಇಂದಿಗೂ ನಡೆದಿದೆ. 2000ದ ನಂತರ ಸ್ತ್ರೀಶಕ್ತಿ ಸಂಘಗಳು ಬಂದವು: ವಾರಕ್ಕೊಂದು ಸಭೆ, ಉಳಿತಾಯ, ಒಬ್ಬರ ಸಾಲಕ್ಕೆ ಇನ್ನೊಬ್ಬರ ಹೊಣೆ. ನಡುವಯಸ್ಸಿನ ಹೆಣ್ಣಿಗೆ ಮನೆಯಾಚೆ ಒಬ್ಬಳ ಜತೆ ದಿನಗಟ್ಟಲೆ ಇರಲು ನೆಪ ಸಿಕ್ಕಿದ್ದು ಇಲ್ಲೆಲ್ಲ. ಪ್ರೀತಿ ಅನಿರೀಕ್ಷಿತವಾಗಿ ಬರುತ್ತದೆ ಅನ್ನುತ್ತೇವೆ. ಈ ವಯಸ್ಸಿನವರಿಗೆ ಅದು ಅನಿರೀಕ್ಷಿತವಾಗಿರಲೇಬೇಕು, ಏಕೆಂದರೆ ಅವರಿಂದ ಯಾರೂ ಇನ್ನು ಏನನ್ನೂ ನಿರೀಕ್ಷಿಸುತ್ತಿರುವುದಿಲ್ಲ. ಬೇಗ ಮದುವೆಯಾದವಳು ನಲವತ್ತಕ್ಕೆಲ್ಲ ಅಜ್ಜಿಯಾಗುತ್ತಾಳೆ. ಮಕ್ಕಳು ದಡ ಮುಟ್ಟಿದ ಮೇಲೆ ‘ಹೊಣೆ ತೀರ್ತು’ ಎನ್ನುತ್ತಾರೆ. ಆ ಮಾತು ಬಿಡುಗಡೆಯ ಪತ್ರವೂ ಹೌದು, ಬದುಕು ಮುಗಿಯಿತೆಂಬ ಘೋಷಣೆಯೂ ಹೌದು. ಈ ಎರಡರ ನಡುವಿನ ಕಿರಿದಾದ ಜಾಗದಲ್ಲಿ ಇಬ್ಬರು ಹೆಂಗಸರು ಒಂದೇ ಒಲೆ ಹೊತ್ತಿಸಿದರೆ ಊರು ಹುಬ್ಬೇರಿಸುವುದಿಲ್ಲ. ಅದೇ ಇಬ್ಬರು ಇಪ್ಪತ್ತರಲ್ಲಿ ಹಾಗೆ ಮಾಡಿದ್ದರೆ ನಡೆಯುತ್ತಿದ್ದುದೇ ಬೇರೆ. ಅಂದರೆ ಈ ಸಹನೆ ಪುಕ್ಕಟೆ ಸಿಕ್ಕಿದ್ದಲ್ಲ. ಮದುವೆ, ಬಾಣಂತನ, ಮಕ್ಕಳ ಮದುವೆ ಎಂಬ ಸುಂಕವನ್ನೆಲ್ಲ ಮೊದಲೇ ಕಟ್ಟಿಸಿಕೊಂಡ ಮೇಲಿನದು.

ಇಂಥ ಪ್ರೀತಿಗೆ ಸಾಮಾನ್ಯವಾಗಿ ಕೊಡುವ ಕಾರಣವೊಂದಿದೆ: ಗಂಡ ಸರಿಯಿರಲಿಲ್ಲ. ದೀಪಾ ಮೆಹ್ತಾರ ‘ಫೈರ್’ ಚಿತ್ರ 1998ರ ನವೆಂಬರಿನಲ್ಲಿ ಭಾರತದಲ್ಲಿ ತೆರೆಕಂಡು, ಡಿಸೆಂಬರಿನಲ್ಲಿ ಶಿವಸೈನಿಕರ ದಾಳಿಗೆ ತುತ್ತಾದಾಗ ಅದರ ಪರ ನಿಂತವರಲ್ಲೂ ಅನೇಕರ ಸಮರ್ಥನೆ ಇದೇ ಆಗಿತ್ತು. ಒಬ್ಬಳ ಗಂಡ ಬ್ರಹ್ಮಚರ್ಯಕ್ಕೆ ಬಿದ್ದಿದ್ದಾನೆ, ಇನ್ನೊಬ್ಬಳ ಗಂಡನಿಗೆ ಬೇರೆ ಸಂಬಂಧವಿದೆ. ಪಾಪ, ಆ ವಾರಗಿತ್ತಿಯರು ಇನ್ನೇನು ಮಾಡಿಯಾರು! ಕನಿಕರದ ಈ ವಾದ ಕೊರತೆಯನ್ನು ಪ್ರೀತಿಯ ತಾಯಿಯನ್ನಾಗಿ ಮಾಡುತ್ತದೆ. ಕುಡುಕ, ಜೂಜುಕೋರ, ಮನೆ ಬಿಟ್ಟ ಗಂಡಂದಿರ ಸಂಖ್ಯೆ ನೋಡಿದರೆ ಈ ತರ್ಕದ ಪ್ರಕಾರ ನಮ್ಮ ಅರ್ಧ ಜಿಲ್ಲೆ ಹೆಣ್ಣುಜೋಡಿಗಳಿಂದ ತುಂಬಿರಬೇಕಿತ್ತು. ಕೆಟ್ಟ ಮದುವೆ ಹೆಣ್ಣಿಗೆ ಬಿಡುವನ್ನೋ ದುಃಖವನ್ನೋ ಕೊಡಬಹುದು. ಇಂಥವಳನ್ನೇ ಹಚ್ಚಿಕೊಳ್ಳುವ ಜೀವವನ್ನು ಅದು ಕೊಡುವುದಿಲ್ಲ.

ಇದಕ್ಕೆ ವಿರುದ್ಧ ತುದಿಯಲ್ಲಿ ಅಮೆರಿಕದ ಕವಿ ಏಡ್ರಿಯೆನ್ ರಿಚ್ 1980ರ ಪ್ರಬಂಧದಲ್ಲಿ ಮಂಡಿಸಿದ ವಾದವಿದೆ: ಹೆಣ್ಣುಗಳ ನಡುವಿನ ಎಲ್ಲ ಆಪ್ತತೆಯೂ ಒಂದೇ ಹರಹಿನ ಬೇರೆ ಬೇರೆ ಬಿಂದುಗಳು. ಗಂಡುಹೆಣ್ಣಿನ ಸಂಬಂಧವೊಂದೇ ಸಹಜವೆಂಬ ಗಟ್ಟಿ ನಂಬಿಕೆಯನ್ನು ಅದು ಅಲುಗಿಸಿತು ನಿಜ. ಆದರೆ ಪಂಚಮಿಗೆ ತವರಿಗೆ ಬಂದು ಒಟ್ಟಿಗೆ ಜೋಕಾಲಿ ಜೀಕುವ ಗೆಳತಿಯರನ್ನೂ ಒಂದೇ ಕೌದಿಯಲ್ಲಿ ಬಾಳು ಸವೆಸುವ ಇಬ್ಬರನ್ನೂ ಒಂದೇ ಸಾಲಿಗೆ ಸೇರಿಸಿದರೆ ಎರಡನೆಯವರು ಮತ್ತೆ ಕಾಣೆಯಾಗುತ್ತಾರೆ. ಗೆಳೆತನವೆಲ್ಲ ಪ್ರೀತಿಯಲ್ಲ. ಹಾಗೆ ಹೇಳಲು ಸಂಶೋಧಕ ಹಿಂಜರಿಯಬಾರದು.

ಧರ್ಮದ ಕಡೆಗೆ ತಿರುಗಿದರೆ ಕಲ್ಯಾಣ ಸೀಮೆಗೆ ಶರಣಸತಿ ಲಿಂಗಪತಿ ಭಾವ ಚಿರಪರಿಚಿತ. ಗಂಡು ಶರಣರು ತಮ್ಮನ್ನು ಸತಿಯೆಂದು ಕರೆದುಕೊಂಡರು. ಇದನ್ನು ಇಂದಿನ ಲೈಂಗಿಕ ಅಲ್ಪಸಂಖ್ಯಾತರ ಪರವಾದ ಪುರಾವೆಯೆಂದು ಭಾಷಣಗಳಲ್ಲಿ ಉಲ್ಲೇಖಿಸುವುದುಂಟು. ಆ ರೂಪಕ ಗಂಡಸನ್ನು ಹೆಂಡತಿಯಾಗಿಸಿತೇ ಹೊರತು ಒಬ್ಬ ಹೆಣ್ಣನ್ನು ಇನ್ನೊಬ್ಬ ಹೆಣ್ಣಿನ ಬಳಿಗೆ ತರಲಿಲ್ಲ. ಪತಿಯ ಸ್ಥಾನ ಅಲುಗದೆ ಅಲ್ಲೇ ಇತ್ತು.

ಎಲ್ಲಮ್ಮನ ಸಂಗತಿ ಹೆಚ್ಚು ಜಟಿಲ. ಲೂಸಿಂಡಾ ರಾಂಬರ್ಗ್ ತಮ್ಮ ‘ಗಿವನ್ ಟು ದ ಗಾಡೆಸ್’ (2014) ಕೃತಿಯಲ್ಲಿ ಉತ್ತರ ಕರ್ನಾಟಕದ ಜೋಗತಿಯರನ್ನು ದೇವಿಗೆ ಮದುವೆಯಾದವರೆಂದೇ ಗಂಭೀರವಾಗಿ ಪರಿಗಣಿಸುತ್ತಾರೆ: ಮುತ್ತು ಕಟ್ಟಿಸಿಕೊಂಡ ಹೆಣ್ಣು ಒಬ್ಬ ಹೆಣ್ಣುದೇವರಿಗೆ ಸೇರಿದವಳು, ತವರಿನಲ್ಲಿ ಉಳಿದು ಮಗನ ಜಾಗ ತುಂಬುವವಳು, ಅವಳಿಂದ ವಂಶ ಮುಂದುವರಿಯುತ್ತದೆ. ಗಂಡನಿಲ್ಲದ, ಹೆಣ್ಣೇ ಯಜಮಾನಿಯಾದ ಮನೆ ಈ ಸೀಮೆಗೆ ಹೊಸದಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೆ ಇಲ್ಲಿ ಮೈಮರೆಯುವ ಹಾಗಿಲ್ಲ. ಹೀಗೆ ಮುತ್ತು ಕಟ್ಟುವುದನ್ನು ತಡೆಯಲು ಬಂದ 1982ರ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆಯ ನಂತರವೂ 1993-94 ಮತ್ತು 2007-08ರ ಸರ್ಕಾರಿ ಸಮೀಕ್ಷೆಗಳು ಒಟ್ಟು 46,660 ದೇವದಾಸಿಯರನ್ನು ಗುರುತಿಸಿದವು. ಬಹುಪಾಲು ದಲಿತ ಹೆಣ್ಣುಮಕ್ಕಳು. ಅವರ ಮನೆಯಲ್ಲಿ ಗಂಡನಿಲ್ಲದ್ದು ಸ್ವಾತಂತ್ರ್ಯದ ಫಲವಲ್ಲ, ಮೇಲುಜಾತಿ ಗಂಡಸರ ಅನುಕೂಲದ ಫಲ. ಪರಂಪರೆಯಿಂದ ಹೆಮ್ಮೆ ಎರವಲು ತರುವ ಮುನ್ನ ಅದರ ಬೆಲೆ ತೆತ್ತವರು ಯಾರೆಂದು ಕೇಳಬೇಕು.

ಸಾಮಾನ್ಯ ಉದ್ಯೋಗದಲ್ಲಿದ್ದ ಇಬ್ಬರು ಹೆಂಗಸರು ತಮ್ಮ ಪ್ರೀತಿಗೆ ತಾವೇ ಹೆಸರಿಟ್ಟ ಪ್ರಸಿದ್ಧ ಪ್ರಸಂಗಕ್ಕೆ ನಾವು ಮಧ್ಯಪ್ರದೇಶಕ್ಕೆ ಹೋಗಬೇಕು. ಪೊಲೀಸ್ ಪಡೆಯ ಲೀಲಾ ಮತ್ತು ಊರ್ಮಿಳಾ 1987ರ ಡಿಸೆಂಬರಿನಲ್ಲಿ ಹಾರ ಬದಲಿಸಿ ಮದುವೆಯಾದರು. 1988ರ ಆರಂಭದಲ್ಲಿ ನೌಕರಿ ಕಳೆದುಕೊಂಡರು. ಅವರು ಚಳವಳಿಯವರಲ್ಲ, ಯಾವ ಸಂಘಟನೆಯ ಭಾಷೆಯನ್ನೂ ಬಲ್ಲವರಲ್ಲ. ಅವರಿಗೆ ಗೊತ್ತಿದ್ದ ಭಾಷೆ ಮದುವೆಯದೇ, ಅದನ್ನೇ ಬಳಸಿದರು. ಗಮನಿಸಬೇಕಾದದ್ದು, ಜತೆಗಿದ್ದಷ್ಟು ದಿನ ಅವರನ್ನು ಯಾರೂ ಕೇಳಲಿಲ್ಲ. ಹೆಸರಿಟ್ಟಾಗ ಶಿಕ್ಷೆ ಬಂತು. ಕೊಡೇಕಲ್ಲಿನಂಥ ಊರಿನ ನಡುವಯಸ್ಸಿನವರು ಹೆಸರಿಡದಿರುವುದಕ್ಕೆ ಅಜ್ಞಾನವನ್ನೇ ಕಾರಣ ಮಾಡುವವರು ಈ ಪ್ರಸಂಗವನ್ನು ನೆನೆಯಬೇಕು.

ಹಾಗಾದರೆ ಹೆಸರಿಲ್ಲದೆ ಬಾಳಬಹುದೆ? ಮೈಯಲ್ಲಿ ಕಸುವಿರುವ ತನಕ ಬಾಳಬಹುದು. ತೊಡಕು ಶುರುವಾಗುವುದು ಕಾಗದದಲ್ಲಿ. ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡಸಂಹಿತೆಯ 377ನೆಯ ಕಲಮಿನ ಹಲ್ಲು ಕಿತ್ತಿತು. 2022ರ ಆಗಸ್ಟಿನಲ್ಲಿ ದೀಪಿಕಾ ಸಿಂಗ್ ಪ್ರಕರಣದಲ್ಲಿ ಕುಟುಂಬವೆಂದರೆ ಒಂದೇ ಅಚ್ಚಿನದಲ್ಲ ಎಂದಿತು. 2023ರ ಅಕ್ಟೋಬರ್ 17ರಂದು ಸುಪ್ರಿಯೋ ಪ್ರಕರಣದಲ್ಲಿ ಸಲಿಂಗ ಮದುವೆಯ ಹಕ್ಕನ್ನು ಒಪ್ಪಲಿಲ್ಲ. ಆಮೇಲೆ ಕೇಂದ್ರ ಸರ್ಕಾರ ಎರಡು ಸಣ್ಣ ಹೆಜ್ಜೆ ಇಟ್ಟಿತು: ಸಲಿಂಗ ಸಂಗಾತಿಗಳು ಜಂಟಿ ಬ್ಯಾಂಕ್ ಖಾತೆ ತೆರೆದು ಪರಸ್ಪರ ನಾಮಿನಿಯಾಗಲು ಅಡ್ಡಿಯಿಲ್ಲವೆಂದು 2024ರ ಆಗಸ್ಟ್ 28ರಂದು ಸ್ಪಷ್ಟಪಡಿಸಿತು, ರೇಷನ್ ಕಾರ್ಡಿನಲ್ಲಿ ಅವರನ್ನು ಒಂದೇ ಮನೆಯವರೆಂದು ಎಣಿಸುವಂತೆ ಆಹಾರ ಇಲಾಖೆ ರಾಜ್ಯಗಳಿಗೆ ಬರೆಯಿತು. ನಗರದ ಕಾರ್ಯಕರ್ತರಿಗೆ ಇದು ಗೆಲುವು. ಹುಣಸಗಿ ತಾಲೂಕಿನ ಇಬ್ಬರು ವಿಧವೆಯರಿಗೆ ಇದರ ಲೆಕ್ಕವೇ ಬೇರೆ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಬರುವುದು ಕಾರ್ಡಿಗೊಬ್ಬ ಯಜಮಾನಿಗೆ. 2005ರ ಉದ್ಯೋಗ ಖಾತ್ರಿ ಕಾಯ್ದೆ ಕೊಟ್ಟ ನೂರು ದಿನದ ಕೆಲಸವೂ ಆಳಿಗಾಗಿರಲಿಲ್ಲ, ಕುಟುಂಬಕ್ಕಾಗಿತ್ತು. ಇಬ್ಬರೂ ಒಂದೇ ಕಾರ್ಡಿಗೆ ಬಂದರೆ ಇಬ್ಬರಿಗೂ ಬರುತ್ತಿದ್ದ ಎರಡು ಸಾವಿರ ಒಬ್ಬಳಿಗಷ್ಟೇ ಉಳಿಯುತ್ತದೆ, ಒಬ್ಬಳು ಯಜಮಾನಿಯ ಪಟ್ಟ ಕಳೆದುಕೊಳ್ಳುತ್ತಾಳೆ. ಒಂದೇ ಒಲೆಯಲ್ಲಿ ಉಂಡು ಎರಡು ಕಾರ್ಡು ಇಟ್ಟುಕೊಳ್ಳುವ ಹೆಂಗಸರಿಗೆ ನಾಚಿಕೆ, ಹೆದರಿಕೆಗಳನ್ನು ಆರೋಪಿಸುವ ಮುಂಚೆ ಈ ಕೂಡುಕಳೆಯನ್ನು ನೋಡಬೇಕು.

ಆಸ್ತಿಯ ಮಾತು ಇನ್ನೂ ಕಠಿಣ. ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೆಯ ಕಲಮಿನಂತೆ ಉಯಿಲು ಬರೆಯದೆ ತೀರಿಕೊಂಡ ಹೆಂಗಸಿನ ಸ್ವತ್ತು ಸಾಮಾನ್ಯವಾಗಿ ಮೊದಲು ಮಕ್ಕಳಿಗೂ ಗಂಡನಿಗೂ, ಅವರಿಲ್ಲದಿದ್ದರೆ ಗಂಡನ ವಾರಸುದಾರರಿಗೆ, ಆಮೇಲಷ್ಟೇ ತಂದೆತಾಯಿಗೆ. ಇಪ್ಪತ್ತು ವರ್ಷ ಜತೆಗಿದ್ದವಳು ಈ ಸಾಲಿನಲ್ಲಿ ಎಲ್ಲೂ ಇಲ್ಲ. ಎಂದೂ ಮುಖ ನೋಡದ ಮೈದುನನ ಮಗ ಇದ್ದಾನೆ. ಇದಕ್ಕೆ ಉಯಿಲು ದಾರಿ. ಉಯಿಲಿಗೆ ಓದುಬರಹ ಬೇಕಿಲ್ಲ, ಹೆಬ್ಬೆಟ್ಟು ಸಾಕು. ಇಬ್ಬರು ಸಾಕ್ಷಿಗಳು ಬೇಕು, ನೋಂದಣಿ ಕಡ್ಡಾಯವಲ್ಲ. ಸಂಬಂಧ ಏನೆಂದು ಕಾನೂನು ಕೇಳುವುದೂ ಇಲ್ಲ, ‘ನನ್ನನ್ನು ನೋಡಿಕೊಂಡವಳು’ ಎಂದು ಬರೆಸಿದರೆ ನಡೆಯುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ರೋಗಿ ತನಗೆ ಬೇಕಾದ ವಯಸ್ಕರನ್ನು ಪ್ರತಿನಿಧಿಯಾಗಿ ಹೆಸರಿಸಲು ಬಿಡುತ್ತದೆ. ಈ ಪ್ರೀತಿಯ ಕುರುಹು ಹುಡುಕುವವರು ಕತೆ ಕಾದಂಬರಿಗಳ ಜತೆಗೆ ಉಪನೋಂದಣಿ ಕಚೇರಿಯ ಉಯಿಲುಗಳನ್ನೂ, ಸಂಘದ ನಾಮಿನಿ ಕಾಲಮ್ಮನ್ನೂ ಓದಬೇಕೆಂಬುದು ನನ್ನ ಸೂಚನೆ. ಮಗನಿದ್ದೂ ಓಣಿಯ ಹೆಂಗಸೊಬ್ಬಳ ಹೆಸರು ಅಲ್ಲಿ ಯಾಕೆ ಬಂತು ಎಂಬ ಪ್ರಶ್ನೆಯಿಂದ ಕೆಲಸ ಆರಂಭವಾಗಬಹುದು.

ಅಲ್ಲಿಯೂ ಸಿಗುವುದು ಸ್ವಲ್ಪವೇ. ಉಯಿಲು ಬರೆಯಲು ಮೊದಲು ಸ್ವತ್ತು ತನ್ನದಾಗಿರಬೇಕು. ಎಷ್ಟೋ ಮನೆಗಳ ಖಾತೆ ಇವತ್ತಿಗೂ ತೀರಿಹೋದ ಮಾವನ ಹೆಸರಿನಲ್ಲಿದೆ, ಪಹಣಿಯಲ್ಲಿ ಭಾವಮೈದುನರು ಜಂಟಿಯಾಗಿದ್ದಾರೆ. ಅಂಥ ಮನೆಯಲ್ಲಿ ಇಬ್ಬರಲ್ಲಿ ಒಬ್ಬಳು ಸತ್ತರೆ, ದಿನಕರ್ಮ ಮುಗಿದ ಮೇಲೆ ಇನ್ನೊಬ್ಬಳು ಹೊರಡಬೇಕು.