1983: ಪಟ್ಟಿಗೆ ಸೇರದ ಒಂದು ದಿನ

1983ರಲ್ಲಿ ಭಾರತದಲ್ಲಿ ಏನೇನಾಯ್ತು ಅಂತ ಯಾರನ್ನಾದ್ರೂ ಕೇಳಿ, ಮೊದಲು ಬರೋ ಉತ್ತರ ಜೂನ್ 25, ಲಾರ್ಡ್ಸ್, ಕಪಿಲ್ ದೇವ್. 183 ರನ್ನಿಗೆ ಆಲೌಟಾದ ತಂಡ ವೆಸ್ಟ್ ಇಂಡೀಸನ್ನು 140ಕ್ಕೆ ಕಟ್ಟಿಹಾಕಿದ ದಿನ ಅದು. ನಮ್ಮ ಬೆಂಗಳೂರಿನ ರೋಜರ್ ಬಿನ್ನಿ ಆ ಟೂರ್ನಿಯಲ್ಲಿ 18 ವಿಕೆಟ್ ತೆಗೆದು ಎಲ್ಲರಿಗಿಂತ ಮುಂದಿದ್ದರು. ಸ್ವಲ್ಪ ಯೋಚಿಸಿದವರು ಡಿಸೆಂಬರಿನಲ್ಲಿ ಬಂದ ಮಾರುತಿ 800 ಕಾರಿನ ಹೆಸರನ್ನೂ ಹೇಳ್ತಾರೆ. ಫೆಬ್ರವರಿ 18ರಂದು ಅಸ್ಸಾಮಿನ ನೆಲ್ಲಿಯಲ್ಲಿ, ಸರ್ಕಾರಿ ಲೆಕ್ಕದಲ್ಲೇ 1,800ಕ್ಕೂ ಹೆಚ್ಚು ಜನರ ಹತ್ಯೆ ಆಗಿದ್ದು ಮಾತ್ರ ಬಹಳ ಜನಕ್ಕೆ ನೆನಪಾಗಲ್ಲ.

ನಾನು ಹುಟ್ಟಿದ್ದು ಇದೆಲ್ಲ ಆದ ಮೇಲೆ, ಯಲ್ಲಾಪುರ ತಾಲ್ಲೂಕಿನ ಮಾಗೋಡಿನಲ್ಲಿ. ನಮ್ಮ ಸೀಮೆಗೂ ಆ ವರ್ಷಕ್ಕೂ ದೊಡ್ಡ ಸಂಬಂಧವೇ ಇದೆ. ಜನವರಿ 10ರಂದು ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತಗೊಂಡ ರಾಮಕೃಷ್ಣ ಹೆಗಡೆ ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯವರು. ಇದು ಚರಿತ್ರೆ ಪುಸ್ತಕದಲ್ಲಿ ಸಿಗತ್ತೆ. ಅದೇ ವರ್ಷ ಸೆಪ್ಟೆಂಬರ್ 8ರಂದು ಪಕ್ಕದ ಶಿರಸಿ ತಾಲ್ಲೂಕಿನಲ್ಲಿ ಆಗಿದ್ದನ್ನು ಹುಡುಕಬೇಕಾಗತ್ತೆ.

ಅವತ್ತು ಸಾಲ್ಕಣಿ ಮತ್ತು ಸುತ್ತಲಿನ ಊರಿನ ಗಂಡಸರು, ಹೆಂಗಸರು, ಮಕ್ಕಳು ಕಳಸೆ ಕಾಡಿಗೆ ನಡೆದುಹೋಗಿ, ಕಡಿಯೋಕೆ ಗುರುತು ಮಾಡಿದ್ದ ಮರಗಳನ್ನು ತಬ್ಬಿಕೊಂಡರು. 'ಅಪ್ಪಿಕೋ' ಚಳವಳಿ ಶುರುವಾಗಿದ್ದು ಹಾಗೆ. ಹತ್ತು ವರ್ಷ ಹಿಂದೆ ಹಿಮಾಲಯದಲ್ಲಿ ನಡೆದ ಚಿಪ್ಕೋ ಇವರಿಗೆ ಮಾದರಿ. ಮುಂದೆ ನಿಂತವರು ಪಾಂಡುರಂಗ ಹೆಗಡೆ.

ಮರ ತಬ್ಬೋದು ಹೊರಗಿನವರಿಗೆ ಭಾವುಕತೆ ಅನ್ನಿಸಬಹುದು. ನಮ್ಮ ಕಡೆಯವರಿಗೆ ಅದು ಲೆಕ್ಕಾಚಾರ. ಅಡಕೆ ತೋಟ ಬದುಕೋದು ಸೊಪ್ಪಿನ ಬೆಟ್ಟದಿಂದ. ಬೆಟ್ಟದ ಸೊಪ್ಪು, ದರಕು ಕೊಟ್ಟಿಗೆಗೆ ಬರತ್ತೆ, ಗೊಬ್ಬರವಾಗಿ ತೋಟ ಸೇರತ್ತೆ. ನೀರು ಬರೋದೂ ಕಾಡಿನ ಒರತೆಯಿಂದಲೇ. ನಾನಾ ಜಾತಿಯ ಮರ ಕಡಿದು ಒಂದೇ ಸಾಲಿನಲ್ಲಿ ಸಾಗುವಾನಿ ನೆಟ್ಟರೆ ಕಾಗದದಲ್ಲಿ ಅದೂ ಕಾಡೇ. ತೋಟದವನಿಗೆ ಮಾತ್ರ ಅಲ್ಲ. ಕಳಸೆಯಲ್ಲಿ ಜನ 38 ದಿನ ಪಟ್ಟು ಹಿಡಿದ ಮೇಲೆ ಕಡಿತ ನಿಂತಿತು. ಹಾಗೆ ಮರಕ್ಕೆ ಕೊಡಲಿ ಹಾಕಿಸುತ್ತಿದ್ದ ಸರ್ಕಾರದ ಮುಖ್ಯಸ್ಥರು ಇದೇ ಜಿಲ್ಲೆಯವರು ಅನ್ನೋದನ್ನೂ ಮರೀಬಾರದು. ನಮ್ಮವರೇ ಕುರ್ಚಿ ಮೇಲಿದ್ದರೂ ಕಾಡಿಗೆ ಹೋಗಿ ನಿಲ್ಲಬೇಕಾಗಿದ್ದು ಊರಿನವರೇ.

ಇದಕ್ಕೆ ಒಂಬತ್ತು ದಿನ ಮುಂಚೆ, ಆಗಸ್ಟ್ 30ರಂದು, ಅಮೆರಿಕದ ಚಾಲೆಂಜರ್ ನೌಕೆಯಲ್ಲಿ ನಮ್ಮ ಇನ್ಸಾಟ್-1ಬಿ ಆಕಾಶಕ್ಕೆ ಹೋಗಿತ್ತು. ದೇಶದ ಮೂಲೆಮೂಲೆಗೆ ಟಿ.ವಿ. ತಲುಪಿಸಿದ ಉಪಗ್ರಹ ಅದು. ದಿಲ್ಲಿಯ ಸುದ್ದಿ ನಮ್ಮ ಮನೆಗೆ ಬಂತು. ನಮ್ಮ ಸುದ್ದಿ ದಿಲ್ಲಿಗೆ ಅಷ್ಟು ಸುಲಭಕ್ಕೆ ಹೋಗಲಿಲ್ಲ. ಸಾಫ್ಟ್‌ವೇರಿನಲ್ಲಿ ಲಾಗ್ ಆಗದ ಘಟನೆ ನಡೆದೇ ಇಲ್ಲ ಅಂತ ನಾವು ನಂಬ್ತೀವಿ. 'ರಾಷ್ಟ್ರೀಯ ಘಟನೆ' ಅನ್ನೋ ಪಟ್ಟಿಯೂ ಹೆಚ್ಚುಕಮ್ಮಿ ಹಾಗೇ ತಯಾರಾಗೋದು.

ಇದು ಹಳೇ ಕತೆ ಅಂತ ಬಿಡೋ ಹಾಗಿಲ್ಲ. ಮಾಗೋಡಿನಲ್ಲಿ ಧುಮುಕುವ ಬೇಡ್ತಿಗೆ ಅಣೆಕಟ್ಟು ಕಟ್ಟುವ ವಿದ್ಯುತ್ ಯೋಜನೆ ಜನರ ವಿರೋಧದಿಂದ ಆ ಕಾಲದಲ್ಲೇ ಹಿಂದೆ ಸರಿಯಿತು. ಈಗ ಅದೇ ನೀರನ್ನು ವರದಾ ನದಿಗೆ ತಿರುಗಿಸೋ ಪ್ರಸ್ತಾಪ ಮತ್ತೆ ಮತ್ತೆ ತಲೆ ಎತ್ತುತ್ತಿದೆ. ಯೋಜನೆ ಮಾಡುವವರ ಕಡತದಲ್ಲಿ ಎಷ್ಟು ನೀರು, ಎಷ್ಟು ಖರ್ಚು ಅನ್ನೋದು ಇರತ್ತೆ. ಸೊಪ್ಪಿನ ಬೆಟ್ಟದ ಲೆಕ್ಕ, ಒರತೆಯ ಲೆಕ್ಕ ನಾವೇ ಬರೆದಿಡಬೇಕು. ಸಾಲ್ಕಣಿಯವರು 1983ರಲ್ಲಿ ಮಾಡಿ ತೋರಿಸಿದ್ದು ಅದನ್ನೇ.