ಗೇಮ್ ಥಿಯರಿ ಮತ್ತು ವಧೂವರಾನ್ವೇಷಣೆ

ನಮ್ಮ ಆಯ್ಕೆಯ ಫಲ ಎದುರಿನವರ ಆಯ್ಕೆಯನ್ನೂ ನೆಚ್ಚಿಕೊಂಡಿರುವಾಗ ಯಾರು ಹೇಗೆ ನಡೆದುಕೊಂಡಾರೆಂದು ಲೆಕ್ಕ ಹಾಕುವ ಗಣಿತಶಾಖೆಯೇ ಗೇಮ್ ಥಿಯರಿ. ಸಂಗಾತಿ ಹುಡುಕಾಟಕ್ಕೆ ಅದನ್ನು ಹೊಂದಿಸುವ ಬರಹಗಳಲ್ಲಿ ಎರಡು ಬೇರೆ ಲೆಕ್ಕಗಳು ಕಲಸಿಹೋಗಿವೆ.

ಒಂದು, ನೋಡುವುದನ್ನು ಎಲ್ಲಿ ನಿಲ್ಲಿಸಬೇಕೆಂಬುದು. 1960ರಲ್ಲಿ ಮಾರ್ಟಿನ್ ಗಾರ್ಡ್ನರ್ ಅವರ ಗಣಿತ ಅಂಕಣದಿಂದ ಹೆಸರಾದ ಈ ಲೆಕ್ಕ, ಮೊದಲ ಶೇ. 37ರಷ್ಟು ಸಂಬಂಧಗಳನ್ನು ಬರೀ ನೋಡಿ ಬಿಡಿ, ಆಮೇಲೆ ಅವೆಲ್ಲಕ್ಕಿಂತ ಮೇಲಾದದ್ದು ಬಂದೊಡನೆ ಒಪ್ಪಿ ಎನ್ನುತ್ತದೆ. ಎದುರಿನವರೂ ಒಲ್ಲೆವೆನ್ನಬಹುದೆಂಬುದು ಇದರಲ್ಲಿಲ್ಲ. ಹಾಗಾಗಿ ಕಟ್ಟುನಿಟ್ಟಾಗಿ ಇದು ಗೇಮ್ ಥಿಯರಿಯೇ ಅಲ್ಲ.

ಇನ್ನೊಂದು, ಡೇವಿಡ್ ಗೇಲ್ ಮತ್ತು ಲಾಯ್ಡ್ ಶೇಪ್ಲಿ 1962ರಲ್ಲಿ ಪ್ರಕಟಿಸಿದ ಜೋಡಣೆಯ ವಿಧಾನ. ಒಂದು ಕಡೆಯವರು ಅತಿ ಮೆಚ್ಚಿನವರಿಂದ ತೊಡಗಿ ಪ್ರಸ್ತಾಪ ಕಳಿಸುತ್ತಾರೆ. ಇನ್ನೊಂದು ಕಡೆಯವರು ಬಂದವುಗಳಲ್ಲಿ ಒಳ್ಳೆಯದೊಂದನ್ನು ‘ಆಮೇಲೆ ತಿಳಿಸುತ್ತೇವೆ’ ಎಂದು ಇರಿಸಿಕೊಂಡು ಉಳಿದವನ್ನು ಬಿಡುತ್ತಾರೆ. ಇನ್ನೂ ಉತ್ತಮವಾದದ್ದು ಬಂದರೆ ಇರಿಸಿಕೊಂಡದ್ದನ್ನೂ ಬಿಡುತ್ತಾರೆ. ಕೊನೆಗೆ, ತಮಗೆ ಸಿಕ್ಕವರಿಗಿಂತ ಪರಸ್ಪರರನ್ನೇ ಹೆಚ್ಚು ಮೆಚ್ಚುವ ಇಬ್ಬರು ಎಲ್ಲೂ ಉಳಿಯುವುದಿಲ್ಲ. ಲಾಭ ಮಾತ್ರ ಕೇಳಿಕೊಂಡು ಹೋದವರದು. ಗಂಡಿನ ಕಡೆಯವರೇ ಬರಲಿ ಎಂದು ಕೂರುವ ಮನೆಯವರು ಇದನ್ನು ಗಮನಿಸಬಹುದು.

ಈ ವಿಧಾನ ಮದುವೆಗೆಂದೇ ಹುಟ್ಟಿತೆಂಬುದು ಸರಿಯಲ್ಲ. ಮೂಲ ಲೇಖನ ಹೊರಟದ್ದು ಕಾಲೇಜು ಪ್ರವೇಶದ ಸಮಸ್ಯೆಯಿಂದ. ಅಮೆರಿಕದ ಆಸ್ಪತ್ರೆಗಳಿಗೆ ಹೊಸ ವೈದ್ಯರನ್ನು ಹಂಚಲು ಇದಕ್ಕೆ ಸಮನಾದ ಕ್ರಮ 1950ರ ದಶಕದ ಆರಂಭದಿಂದಲೇ ಬಳಕೆಯಲ್ಲಿತ್ತೆಂದು ಅರ್ಥಶಾಸ್ತ್ರಜ್ಞ ಆಲ್ವಿನ್ ರಾಥ್ 1984ರಲ್ಲಿ ತೋರಿಸಿದರು. ಶೇಪ್ಲಿ ಮತ್ತು ರಾಥ್ ಅವರಿಗೆ 2012ರ ಅರ್ಥಶಾಸ್ತ್ರದ ನೊಬೆಲ್ ಬಂತು.

ಈ ಬಗ್ಗೆ ಭಾರತದ ಒಂದು ಮುಖ್ಯ ಅಧ್ಯಯನ ಕೋಲ್ಕತ್ತದ್ದು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಪತ್ರಿಕೆಯ ವಿವಾಹ ಜಾಹೀರಾತುಗಳಿಗೆ ಗೇಲ್–ಶೇಪ್ಲಿ ವಿಧಾನವನ್ನೇ ಹಚ್ಚಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಸ್ವಜಾತಿಯ ಒಲವು ಬಲವಾಗಿದ್ದರೂ, ಓದು, ರೂಪ ಮುಂತಾದವುಗಳಲ್ಲಿ ಅದಕ್ಕಾಗಿ ತೆರುವ ಬೆಲೆ ಕಡಿಮೆ. ಸ್ವಜಾತಿಯೊಳಗೇ ಸರಿಜೋಡಿ ಸಿಗುತ್ತದೆ ಎಂಬುದು ಅವರ ತೀರ್ಮಾನ.

ಈ ತೀರ್ಮಾನವನ್ನು ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬೈಗಳ ತುಳು-ಕನ್ನಡಿಗರಿಗೆ ಹಾಗೆಯೇ ಅನ್ವಯಿಸುವುದು ಕಷ್ಟ. ಜನ ಕಡಿಮೆಯಿದ್ದಷ್ಟೂ ಸರಿಜೋಡಿ ದುರ್ಲಭ. ಬಂಟರು, ಬಿಲ್ಲವರು, ಮೊಗವೀರರಲ್ಲಿ ಒಂದೇ ಬಳಿಯವರಿಗೆ ಮದುವೆಯಿಲ್ಲ. ಬಳಿ ಎಂದರೆ ತಾಯಿಯಿಂದ ಬರುವ ಕುಲ. ಆದ್ದರಿಂದ ಬಯೋಡೇಟಾದಲ್ಲಿ ಮೊದಲು ಕಣ್ಣು ಹೋಗುವ ಸಾಲುಗಳಲ್ಲಿ ಅದೂ ಒಂದು. ನಕ್ಷತ್ರ, ಊರು, ಕೆಲಸ, ಫ್ಲ್ಯಾಟ್ ಸ್ವಂತದ್ದೋ ಬಾಡಿಗೆಯದ್ದೋ ಎಂಬುದು ಜೊತೆಗಿರುತ್ತದೆ. ಸಮುದಾಯ ಸಂಘಗಳ ವಧೂವರ ಸಮಾವೇಶಗಳೂ, 1997ರ ಸುಮಾರಿಗೆ ಮುಂಬೈಯಲ್ಲಿ ಆರಂಭವಾದ ಶಾದಿ ಡಾಟ್ ಕಾಮ್‌ನಂಥ ತಾಣಗಳೂ ನೋಡುವ ಸಂಬಂಧಗಳ ಸಂಖ್ಯೆಯನ್ನು ಹೆಚ್ಚಿಸುತ್ತವೆ. ಇನ್ನೊಂದು ವ್ಯತ್ಯಾಸವೂ ಇದೆ. ಗೇಲ್–ಶೇಪ್ಲಿ ಕ್ರಮದಲ್ಲಿ ಒಮ್ಮೆ ಬಿಟ್ಟ ಪ್ರಸ್ತಾಪ ಮತ್ತೆ ಬರುವಂತಿಲ್ಲ. ಇಲ್ಲಿ ಹೋದ ವರ್ಷ ಬಿಟ್ಟ ಪ್ರಸ್ತಾಪವೇ ಸೋದರಮಾವನ ಮೂಲಕ ತಿರುಗಿ ಬರುವುದುಂಟು.